ಒಂದು ರೂಪಾಯಿ ಬಡ್ಡಿಗೇ ನೆಹೆಮೀಯ ಸಿಟ್ಟಾಗಿದ್ದ

ಕೋಲಾರ ಜಿಲ್ಲೆಯ ಕ್ರೈಸ್ತ ಸಭೆಗಳ ಅಯ್ಯನವರಿಗೆ, ಕಮಿಟಿಯ ಹಿರಿಯರಿಗೆ, ಭಾನುವಾರ ನನ್ನ ಹಿಂದೆ ಮುಂದೆ ಕೂರುವ ಎಲ್ಲರಿಗೂ,

ಕರ್ತನ ಹೆಸರಿನಲ್ಲಿ ವಂದನೆಗಳು.

ಹೋದ ವರ್ಷದ ನಮ್ಮ ಚರ್ಚಿನ ಸುಗ್ಗಿ ಹಬ್ಬದಿಂದಲೇ ಶುರು ಮಾಡುತ್ತೇನೆ. ಆರಾಧನೆ ಮುಗಿದು ಹರಾಜು ನಡೆಯುತ್ತಿತ್ತು. ಅಂಗಳದಲ್ಲಿ ಶಾಮಿಯಾನ, ಮೇಜಿನ ಮೇಲೆ ಜನ ದೇವರಿಗೆ ಕಾಣಿಕೆಯಾಗಿ ತಂದ ಬೆಳೆ. ಒಂದು ಮೂಟೆ ರಾಗಿ, ಹುರುಳಿ, ಸೊಗಡಿನ ಅವರೆಕಾಯಿ, ನಾಲ್ಕು ಎಳನೀರು, ಮೇಜಿನ ಕಾಲಿಗೆ ಕಟ್ಟಿದ ಎರಡು ನಾಟಿ ಹುಂಜ. ಅಷ್ಟರಲ್ಲಿ ಒಂದು ಸಿಹಿಗುಂಬಳ ಹರಾಜಿಗೆ ಬಂತು. ತಂದವರು ನಮ್ಮ ಸಭೆಯ ಒಬ್ಬ ಆಂಟಿ. ಅವರ ಹಿತ್ತಲಲ್ಲೇ ಬಿಟ್ಟದ್ದು. ಸಂತೆಯಲ್ಲಿ 60 ರೂಪಾಯಿಗೆ ಹೋಗುವ ಕಾಯಿ. ಇಲ್ಲಿ 500 ಅಂದರು, 1,000 ಅಂದರು, ಕೊನೆಗೆ ಒಬ್ಬ ಅಣ್ಣ 5,000ಕ್ಕೆ ಕೂಗಿದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಆಂಟಿ ತಟ್ಟಲಿಲ್ಲ. ಮಡಿಲಲ್ಲಿ ಕೈ ಇಟ್ಟುಕೊಂಡು ಆ ಕುಂಬಳಕಾಯಿಯನ್ನೇ ನೋಡುತ್ತಾ ಕೂತಿದ್ದರು.

ಯಾಕೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಆ ಅಣ್ಣನ ಹತ್ತಿರ ಅವರು 30,000 ಸಾಲ ಮಾಡಿದ್ದಾರೆ. ಐದು ರೂಪಾಯಿ ಬಡ್ಡಿ. ತಿಂಗಳಿಗೆ 1,500 ಕಟ್ಟುತ್ತಾರೆ, ಅಸಲು ಹಾಗೇ ಕೂತಿದೆ. ಅಂದರೆ ಆ 5,000 ಅವರೇ ಕಟ್ಟಿದ ಮೂರು ತಿಂಗಳ ಬಡ್ಡಿ, ಮೇಲೆ ಇನ್ನೊಂದಿಷ್ಟು. ಅವರ ಕಾಯಿಯನ್ನು ಅವರ ದುಡ್ಡಿನಲ್ಲೇ ಕೊಂಡು, ದೇವರಿಗೆ ಕೊಟ್ಟ ಹೆಸರು ಮಾತ್ರ ಇನ್ನೊಬ್ಬರಿಗೆ ಹೋಯಿತು. ಇದು ನನಗೆ ಹೇಗೆ ಗೊತ್ತಾಯಿತು ಅಂತ ಮುಂದೆ ಹೇಳುತ್ತೇನೆ. ನನಗೂ ಅದು ನಾಚಿಕೆಯ ವಿಷಯ.

ನಾನು ಪ್ರಸಂಗಿ ಅಲ್ಲ. ಎಪಿಎಂಸಿಯ ಒಂದು ಟೊಮೆಟೊ ಮಂಡಿಯಲ್ಲಿ ಗುಮಾಸ್ತ. 22 ವರ್ಷದಿಂದ ಪಟ್ಟಿ ಬರೆಯುತ್ತಿದ್ದೇನೆ. ಪಟ್ಟಿಯಲ್ಲಿ ಮೇಲೆ ಬರೆಯೋದು ಬಾಕ್ಸ್ ಎಷ್ಟು, ರೇಟ್ ಎಷ್ಟು. ಕೆಳಗೆ ಬರೀ ಕಳೆಯುವ ಲೆಕ್ಕ: ಸಸಿಗೆ ಕೊಟ್ಟ ಅಡ್ವಾನ್ಸ್, ಕೋಲಿಗೆ ಕೊಟ್ಟದ್ದು, ಔಷಧಿಗೆ ಕೊಟ್ಟದ್ದು, ಹಮಾಲಿ, ಗಾಡಿ ಬಾಡಿಗೆ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ದಾಟಿತ್ತಲ್ಲ, ಆಗ ರೈತರು ಪಟ್ಟಿ ಹಿಡಿದು ನಗುತ್ತಾ ಹೋಗುತ್ತಿದ್ದರು. ಎರಡು ತಿಂಗಳು ಕಳೆಯೋದರೊಳಗೆ ರೇಟು ಮಕಾಡೆ ಬಿತ್ತು. ಆಗ ಕಳೆದು ಕಳೆದು ಕೊನೆಗೆ ಬಸ್ ಚಾರ್ಜು ಉಳಿದರೆ ಹೆಚ್ಚು. ಸಾಲದ ರುಚಿ ಏನು ಅಂತ ನಾನು ಪುಸ್ತಕ ಓದಿ ತಿಳಿಯಬೇಕಿಲ್ಲ. ಆದರೆ ಸಾಲದ ಬಗ್ಗೆ ಬೈಬಲ್ ಏನು ಹೇಳುತ್ತೆ ಅಂತ ಈ ವಯಸ್ಸಿನವರೆಗೂ ನಾನು ಕೂತು ಓದಿರಲಿಲ್ಲ. ಆ ವಿಷಯದ ಮೇಲೆ ಒಂದು ಪ್ರಸಂಗವನ್ನೂ ಕೇಳಿಲ್ಲ. ಕುಡಿತದ ಮೇಲೆ ಕೇಳಿದ್ದೇನೆ, ಸಿನಿಮಾದ ಮೇಲೆ ಕೇಳಿದ್ದೇನೆ, ದುಡಿಮೆಯ ಹತ್ತನೇ ಒಂದು ಪಾಲು ಕೊಡುವ ದಶಮಾಂಶದ ಮೇಲಂತೂ ವರ್ಷಕ್ಕೆ ಎರಡು ಸಾರಿ ಗ್ಯಾರಂಟಿ. ಬಡ್ಡಿಯ ಮೇಲೆ ಮಾತ್ರ ಇಲ್ಲ.

ಸುಗ್ಗಿ ಹಬ್ಬ ಆದಮೇಲೆ ಕೂತು ಓದಿದೆ. ದೊಡ್ಡದೇನೂ ಅಲ್ಲ, ಹುಡುಕಿದರೆ ಎಲ್ಲರಿಗೂ ಸಿಗುತ್ತೆ.

ವಿಮೋಚನಕಾಂಡ 22ರಲ್ಲಿ ದೇವರು ಹೇಳುತ್ತಾನೆ: ನನ್ನ ಜನರಲ್ಲಿ ಬಡವನಿಗೆ ಸಾಲ ಕೊಟ್ಟರೆ ಲೇವಾದೇವಿಯವನ ಹಾಗೆ ನಡೆದುಕೊಳ್ಳಬೇಡ, ಬಡ್ಡಿ ಹೊರಿಸಬೇಡ. ಅವನ ಹೊದಿಕೆ ಅಡವಿಟ್ಟುಕೊಂಡರೆ ಹೊತ್ತು ಮುಳುಗುವ ಮೊದಲೇ ವಾಪಸ್ ಕೊಡು, ರಾತ್ರಿ ಅವನು ಇನ್ನೇನು ಹೊದ್ದುಕೊಳ್ಳುತ್ತಾನೆ? ಅವನು ನನಗೆ ಮೊರೆಯಿಟ್ಟರೆ ನಾನು ಕೇಳುತ್ತೇನೆ. ಯಾಜಕಕಾಂಡ 25ರಲ್ಲೂ ಇದೇ ಮಾತು. ಧರ್ಮೋಪದೇಶಕಾಂಡ 24 ಇನ್ನೂ ಹತ್ತಿರಕ್ಕೆ ಬರುತ್ತೆ. ಬೀಸುವ ಕಲ್ಲನ್ನು ಅಡವಿಟ್ಟುಕೊಳ್ಳಬೇಡ, ಅದು ಅವನ ಜೀವವನ್ನೇ ಅಡವಿಟ್ಟುಕೊಂಡ ಹಾಗೆ ಅನ್ನುತ್ತೆ. ನಮ್ಮ ಕಡೆ ಬೋರಿನ ಮೋಟಾರು, ಡ್ರಿಪ್ ಪೈಪು, ಟೈಲರಮ್ಮನ ಮಿಷನ್ನು ಹೊತ್ತುಕೊಂಡು ಹೋಗುತ್ತಾರಲ್ಲ, ಅದು.

ಹೀಬ್ರೂ ಭಾಷೆಯಲ್ಲಿ ಬಡ್ಡಿಗೆ ನೆಶೆಕ್ ಎಂಬ ಪದ ಇದೆ. ಅದರ ಮೂಲ ಅರ್ಥ ಕಚ್ಚುವುದು. ನಮ್ಮ ಆಂಟಿಗೆ ಇದನ್ನು ಹೀಬ್ರೂ ಪಂಡಿತರು ಬಂದು ಹೇಳಬೇಕಿಲ್ಲ.

ಅವರಿಗೆ ಸಂಘದ ಸಾಲವೂ ಇದೆ, ಎರಡು ಕಡೆ, ಅಂದರೆ ಮೈಕ್ರೋಫೈನಾನ್ಸ್‌ನವರು ಹೆಂಗಸರ ಗುಂಪಿಗೆ ಕೊಡುವ ಸಾಲ. ಗುರುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಹತ್ತು ಜನ ಹೆಂಗಸರು ಚಾಪೆ ಹಾಸಿಕೊಂಡು ಕೂರುತ್ತಾರೆ. ಎಲ್ಲರ ಕಂತು ಬಂದರೇ ಪುಸ್ತಕ ಮುಚ್ಚೋದು. ಒಬ್ಬಳದು ಬರದಿದ್ದರೆ ಉಳಿದ ಒಂಬತ್ತು ಜನ ಸೇರಿಸಿ ಹಾಕಬೇಕು. ಒಂದು ಗುರುವಾರ ಆಂಟಿಯ ಹತ್ತಿರ ಕಂತಿಗೆ ದುಡ್ಡಿರಲಿಲ್ಲ. ವಸೂಲಿ ಹುಡುಗ ಹೊಸಿಲ ಮೇಲೆ ಕೂತುಬಿಟ್ಟ. ಬೈಯಲಿಲ್ಲ, ಕೂಗಾಡಲಿಲ್ಲ. ಸುಮ್ನೆ ಕೂತ. ಮಧ್ಯಾಹ್ನ ಆಯಿತು, ಸಂಜೆ ಆಯಿತು. ರಾತ್ರಿ ಎಂಟೂವರೆಗೆ ಮಗಳು ಡ್ಯೂಟಿ ಮುಗಿಸಿ ಬಂದು, ಅವನ ಕಾಲು ದಾಟಿಕೊಂಡು ಒಳಗೆ ಹೋದಳು. ಆಮೇಲೆ ಕಿವಿಯ ಓಲೆ ಬಿಚ್ಚಿಕೊಟ್ಟಳು. ಆ ಹುಡುಗನ ಮೇಲೂ ನನಗೆ ಪೂರ್ತಿ ಸಿಟ್ಟಿಲ್ಲ. ಅವನಿಗೂ ಟಾರ್ಗೆಟ್ ಇರುತ್ತೆ, ಅವನೂ ಯಾವುದೋ ಸಾಲದ ಮೇಲೆ ಬೈಕ್ ತೊಗೊಂಡಿರುತ್ತಾನೆ.

ಆದರೆ ನೋಡಿ, ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್‌ಗೆ ಒಂದು ನಿಯಮ ಮಾಡಿದೆ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡೋದೂ ತಪ್ಪು. ಮೋಶೆಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ಮುಂಚೆಯೇ ಒಂದು ನಿಯಮ ಇದೆ. ಅಡವಿನ ವಸ್ತು ತರಲು ಸಾಲಗಾರನ ಮನೆಯೊಳಗೆ ಕಾಲಿಡಬೇಡ, ಹೊರಗೆ ನಿಲ್ಲು, ಅವನೇ ತಂದು ಕೊಡಲಿ. ಸಾಲ ಮಾಡಿದ ಮಾತ್ರಕ್ಕೆ ಅವನ ಹೊಸಿಲು ನಿನ್ನದಾಗಲ್ಲ ಅಂತ ತಾನೇ ಇದರ ಅರ್ಥ? ಈ ವಾಕ್ಯ ನಾನು ಓದಿದ್ದು ಹೋದ ವರ್ಷ. ಅಲ್ಲಿಯವರೆಗೆ ಧರ್ಮೋಪದೇಶಕಾಂಡ ಅಂದರೆ ಹತ್ತು ಆಜ್ಞೆ ಬಿಟ್ಟು ಇನ್ನೇನೂ ಇಲ್ಲ ಅಂದುಕೊಂಡಿದ್ದೆ.

ಈಗ ನೆಹೆಮೀಯನ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯೋಕೆ ಕಾರಣವೇ ಅದು.

ಬೈಬಲಿನಲ್ಲಿ ಯೆರೂಸಲೇಮಿನ ಗೋಡೆ ಕಟ್ಟಿದ ನೆಹೆಮೀಯನ ಬಗ್ಗೆ ಎಷ್ಟೊಂದು ಪ್ರಸಂಗ ಕೇಳಿದ್ದೇವೆ. ಕಾಂಪೌಂಡ್ ಕಟ್ಟೋಕೆ ಚಂದಾ ಎತ್ತುವಾಗಲೆಲ್ಲ ಅವನೇ ಬರುತ್ತಾನೆ. ಐದನೇ ಅಧ್ಯಾಯದಲ್ಲಿ ಗೋಡೆ ಕೆಲಸದ ನಡುವೆ ಒಂದು ಗಲಾಟೆ ಆಗುತ್ತೆ, ಅದನ್ನು ಮಾತ್ರ ಬಿಟ್ಟುಬಿಡುತ್ತೇವೆ. ಜನ ಬಂದು ಅಳುತ್ತಾರೆ, ಹೆಂಗಸರೂ ಬರುತ್ತಾರೆ. ಬರ ಬಂತು, ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆ ಎಲ್ಲ ಅಡವಿಟ್ಟಿದ್ದೇವೆ ಅನ್ನುತ್ತಾರೆ. ರಾಜನ ಕಂದಾಯಕ್ಕೆ ಸಾಲ ಮಾಡಿದೆವು ಅನ್ನುತ್ತಾರೆ. ನಮ್ಮದೂ ಅವರದೂ ಒಂದೇ ರಕ್ತ, ನಮ್ಮ ಮಕ್ಕಳನ್ನು ಜೀತಕ್ಕೆ ಬಿಡಬೇಕಾಯಿತು ಅನ್ನುತ್ತಾರೆ. ಸಾಲ ಕೊಟ್ಟವರು ಯಾರು? ಬಾಬಿಲೋನಿನವರಲ್ಲ. ಅದೇ ಗೋಡೆ ಕಟ್ಟುತ್ತಿದ್ದ ಅವರದೇ ಜನ, ಅವರ ಮುಖಂಡರು.

ಬಡ್ಡಿ ಎಷ್ಟಿತ್ತು ಗೊತ್ತಾ? ನೂರಕ್ಕೆ ಒಂದು. ತಿಂಗಳಿಗೆ ನೂರಕ್ಕೆ ಒಂದು ಎಂದೇ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಅಂದರೆ ನಮ್ಮ ಲೆಕ್ಕದಲ್ಲಿ ಒಂದು ರೂಪಾಯಿ ಬಡ್ಡಿ, ವರ್ಷಕ್ಕೆ ನೂರಕ್ಕೆ 12. ಕೋಲಾರದಲ್ಲಿ ಈಗ ಒಂದು ರೂಪಾಯಿ ಬಡ್ಡಿಗೆ ಕೈಸಾಲ ಕೊಡ್ತೀನಿ ಅಂತ ಯಾರಾದರೂ ಹೇಳಿದರೆ ನಾವು ಅವರನ್ನು ಧರ್ಮಾತ್ಮ ಅನ್ನುತ್ತೇವೆ. ನೆಹೆಮೀಯ ಅಷ್ಟಕ್ಕೇ ಸಿಟ್ಟಾದ. ಮುಖಂಡರನ್ನು ನೇರವಾಗಿ ಗದರಿಸಿದ, ದೊಡ್ಡ ಸಭೆ ಕರೆದ. ಹೊಲ, ಮನೆ, ತೋಟ ಇವತ್ತೇ ವಾಪಸ್ ಕೊಡಿ, ಆ ನೂರಕ್ಕೆ ಒಂದನ್ನೂ ವಾಪಸ್ ಕೊಡಿ ಅಂದ. ಯಾಜಕರ ಮುಂದೆ ಆಣೆ ಮಾಡಿಸಿದ. ತನ್ನ ಉಡಿ ಒದರಿ, ಮಾತು ತಪ್ಪಿದವನನ್ನು ದೇವರು ಹೀಗೇ ಒದರಿಬಿಡಲಿ ಅಂದ. ಐದು ರೂಪಾಯಿ ಬಡ್ಡಿ ಕಂಡಿದ್ದರೆ ಏನು ಮಾಡುತ್ತಿದ್ದನೋ.

ಇದೆಲ್ಲ ಹಳೆ ಒಡಂಬಡಿಕೆ ಅನ್ನುವವರಿಗೆ ಇನ್ನೊಂದು. ಕ್ರಿ.ಶ. 325ರಲ್ಲಿ, ಈಗಿನ ಟರ್ಕಿಯಲ್ಲಿರುವ ನೈಸೀಯದಲ್ಲಿ ಬಿಷಪ್‌ಗಳ ಮಹಾಸಭೆ ಸೇರಿತು. ನಮ್ಮ ನಂಬಿಕೆ ಇದು ಅಂತ ಹೇಳುವ ನೈಸೀಯ ವಿಶ್ವಾಸಪ್ರಮಾಣ ಆ ಊರಿನ ಹೆಸರಿನದೇ. ಅದನ್ನು ನಮ್ಮಲ್ಲಿ ಎಷ್ಟೋ ಜನ ಬಾಯಿಪಾಠ ಹೇಳುತ್ತಾರೆ. ಅದೇ ಮಹಾಸಭೆ 20 ನಿಯಮಗಳನ್ನೂ ಮಾಡಿತು. 17ನೆಯದು ಬಡ್ಡಿಯ ಬಗ್ಗೆ. ಸಭೆಯ ಸೇವಕರೇ ದುರಾಸೆಗೆ ಬಿದ್ದು, ಬಡ್ಡಿ ತೊಗೊಳ್ಳದವನೇ ದೇವರ ಗುಡಾರದಲ್ಲಿ ಇರತಕ್ಕವನು ಅನ್ನುವ 15ನೇ ಕೀರ್ತನೆಯನ್ನು ಮರೆತು, ತಿಂಗಳಿಗೆ ನೂರಕ್ಕೆ ಒಂದರ ಬಡ್ಡಿ ಎತ್ತುತ್ತಿದ್ದಾರೆ, ಅಂಥವರನ್ನು ಸೇವೆಯಿಂದ ತೆಗೆಯಬೇಕು ಅಂತ. ಮತ್ತೆ ಅದೇ ಒಂದು ರೂಪಾಯಿ! ವಿಶ್ವಾಸಪ್ರಮಾಣವನ್ನು ಸಾವಿರದ ಏಳುನೂರು ವರ್ಷ ಕಾಪಾಡಿಕೊಂಡು ಬಂದಿದ್ದೇವೆ. ಹದಿನೇಳನೇ ನಿಯಮ ಎಲ್ಲಿ ಬಿದ್ದು ಹೋಯಿತೋ ಯಾರೂ ಹುಡುಕಲಿಲ್ಲ.

ಈಗ ನನ್ನ ವಿಷಯ.

ನಾಲ್ಕು ವರ್ಷದ ಹಿಂದೆ ಅದೇ ಆಂಟಿ ಮಗಳ ನರ್ಸಿಂಗ್ ಫೀಸ್ ಕಟ್ಟೋಕೆ ದುಡ್ಡು ಕೇಳಿಕೊಂಡು ನಮ್ಮ ಮನೆಗೆ ಬಂದರು. ನಾನು 40,000 ಕೊಟ್ಟೆ. ಮೂರು ರೂಪಾಯಿ ಬಡ್ಡಿ. ಪ್ರೋನೋಟು ಬರೆಸಿ, ರೆವಿನ್ಯೂ ಸ್ಟಾಂಪ್ ಅಂಟಿಸಿ, ಸೈನ್ ಹಾಕಿಸಿಕೊಂಡೆ. ನನ್ನ ಹೆಂಡತಿ ಕಾಫಿ ಕೊಟ್ಟಳು. ಹೋಗುವಾಗ ಮೂವರೂ ಸೇರಿ ಪ್ರಾರ್ಥನೆ ಮಾಡಿದೆವು, ಅದೂ ನೆನಪಿದೆ. ಬೇರೆಯವರು ಐದು ತೊಗೊಳ್ತಾರೆ, ನಾನು ಮೂರೇ ತೊಗೊಂಡೆ ಅಂತ ನನ್ನ ಮನಸ್ಸು ಹಗುರವಾಗಿತ್ತು. 22 ತಿಂಗಳು ತಪ್ಪದೆ 1,200 ಬಂತು. ಒಟ್ಟು 26,400. ಆಮೇಲೆ ನಿಂತಿತು. ಅವರ ಗಂಡನಿಗೆ ಪಾರ್ಶ್ವವಾಯು ಹೊಡೆದಿತ್ತು, ದುಡ್ಡೆಲ್ಲ ಆಸ್ಪತ್ರೆಗೆ ಹೋಗುತ್ತಿತ್ತು. ಐದು ರೂಪಾಯಿಯ ಅಣ್ಣನ ಹತ್ತಿರ ಸಾಲ ಎತ್ತಿದ್ದೂ ಆಗಲೇ. ನಾನು ತಿಂಗಳಿಗೊಮ್ಮೆ ಹೋಗಿ, ಆಂಟಿ ಹೇಗಿದ್ದೀರಾ, ಅಂಕಲ್ ಹೇಗಿದ್ದಾರೆ ಅಂತ ಕೇಳುತ್ತಿದ್ದೆ. ನಾನು ಯಾಕೆ ಕೇಳುತ್ತಿದ್ದೇನೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕುಂಬಳಕಾಯಿಯ ಕತೆ ಅವರು ಹೇಳಿದ್ದು ಹಾಗೆ ಹೋದ ಒಂದು ದಿನ. ನನ್ನ ಬಡ್ಡಿ ಯಾಕೆ ತಡವಾಯಿತು ಅಂತ ವಿವರಿಸೋಕೆ.

ಮತ್ತಾಯ 18ರ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕತೆ, ನಿಮಗೆಲ್ಲ ಗೊತ್ತು. ಒಬ್ಬ ಆಳಿಗೆ ಧಣಿ 10,000 ತಲಾಂತು ಸಾಲ ಬಿಟ್ಟುಕೊಡುತ್ತಾನೆ. ಆ ಆಳು ಹೊರಗೆ ಬಂದವನೇ, ತನಗೆ 100 ದಿನಾರಿ ಕೊಡಬೇಕಾದ ಜೊತೆಯ ಆಳಿನ ಕುತ್ತಿಗೆ ಹಿಡಿಯುತ್ತಾನೆ. ಗುಮಾಸ್ತ ಅಲ್ವಾ, ಲೆಕ್ಕ ಹಾಕದೆ ಇರೋಕಾಗಲಿಲ್ಲ. ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ನಮ್ಮ ಕಡೆ ಹೆಣ್ಣಾಳಿನ ಕೂಲಿ ದಿನಕ್ಕೆ 400 ಅಂತ ಇಟ್ಟುಕೊಂಡರೆ ಧಣಿ ಬಿಟ್ಟದ್ದು 2,400 ಕೋಟಿ. ಆಳು ಕುತ್ತಿಗೆ ಹಿಡಿದದ್ದು 40,000ಕ್ಕೆ.

ನಲವತ್ತು ಸಾವಿರ. ಲೆಕ್ಕದ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ನಾವು ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುತ್ತೇವಲ್ಲ, ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವ ಪದದ ನೇರ ಅರ್ಥ ಸಾಲ. ನಮ್ಮ ಸಾಲಗಾರರನ್ನು ನಾವು ಬಿಟ್ಟ ಹಾಗೆ ನಮ್ಮ ಸಾಲಗಳನ್ನು ಬಿಡು. ಪಾಪ ಅನ್ನುವ ಅರ್ಥದಲ್ಲೇ ಅಲ್ಲಿ ಬಳಸಿದ್ದಾರೆ, ನಿಜ. ಲೂಕನಂತೂ ಪಾಪ ಅಂತಲೇ ಬರೆದಿದ್ದಾನೆ. ಆದರೂ ಬೇರೆ ಪದ ಇರುವಾಗ ಈ ಪದವೇ ಯಾಕೆ ಬಂತು? ಕೇಳುತ್ತಿದ್ದ ಗಲಿಲಾಯದ ಜನಕ್ಕೆ ಸಾಲ ಅಂದರೇನು ಅಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಅಂತ ನನಗನ್ನಿಸುತ್ತೆ.

ಈ ವಿಷಯ ಎತ್ತಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು.

ಒಬ್ಬರು ಧರ್ಮೋಪದೇಶಕಾಂಡ 23 ತೆಗೆದು ತೋರಿಸಿದರು. ಅನ್ಯನಿಂದ ಬಡ್ಡಿ ತೊಗೊಳ್ಳಬಹುದು ಅಂತ ಅಲ್ಲಿ ಇದೆಯಲ್ಲ ಅಂದರು. ಇದೆ. ಆದರೆ ಅಲ್ಲಿ ಅನ್ಯ ಅಂದರೆ ಹೆಚ್ಚಾಗಿ ವ್ಯಾಪಾರಕ್ಕೆ ಬಂದು ಹೋಗುವ ಪರದೇಶದವನು. ಅಕ್ಕಪಕ್ಕ ಬದುಕುತ್ತಿದ್ದ ಬಡವ ಅಲ್ಲ. ಯಾಜಕಕಾಂಡ 25 ಬಡವಾದ ಸಹೋದರನನ್ನು ಪರದೇಶದಿಂದ ಬಂದು ಇಳಿದವನ ಹಾಗೆ ಸಾಕು ಅನ್ನುತ್ತೆ, ಅವನಿಂದ ಬಡ್ಡಿ ತೊಗೊಳ್ಳಬೇಡ ಅನ್ನುತ್ತೆ. ಅದೂ ಅಲ್ಲದೆ, ಆಂಟಿ ನಮಗೆ ಯಾವಾಗಿನಿಂದ ಅನ್ಯರಾದರು? ಭಾನುವಾರ ಅವರನ್ನು ಸಹೋದರಿ ಅಂತ ಕರೆದು, ಸೋಮವಾರ ಅನ್ಯರು ಅನ್ನೋಕಾಗುತ್ತಾ? ಯೇಸು ಲೂಕ 6ರಲ್ಲಿ ಆ ಬಾಗಿಲನ್ನೂ ಮುಚ್ಚಿಬಿಟ್ಟ. ವಾಪಸ್ ಬರುತ್ತೆ ಅಂತ ನಂಬಿ ಸಾಲ ಕೊಡೋದರಲ್ಲಿ ಏನು ದೊಡ್ಡತನ, ಪಾಪಿಗಳೂ ಅಷ್ಟು ಮಾಡುತ್ತಾರೆ ಅಂದ.

ಇನ್ನೊಬ್ಬರು ತಲಾಂತುಗಳ ಸಾಮ್ಯ ಹೇಳಿದರು. ನೋಡಿಕೊಳ್ಳೋಕೆ ಕೊಟ್ಟ ದುಡ್ಡನ್ನು ಹೂತಿಟ್ಟ ಆಳಿಗೆ ಧಣಿ, ಸಾಹುಕಾರರ ಹತ್ತಿರ ಹಾಕಿದ್ದರೆ ಬಡ್ಡಿಯಾದರೂ ಬರುತ್ತಿತ್ತಲ್ಲ ಅನ್ನುತ್ತಾನೆ. ಇದು ನಿಜಕ್ಕೂ ಯೋಚಿಸಬೇಕಾದ ಪ್ರಶ್ನೆ. ನನ್ನ ಹತ್ತಿರವೂ ಬ್ಯಾಂಕಿನಲ್ಲಿ ಒಂದು ಎಫ್‌ಡಿ ಇದೆ, ಅದರ ಬಡ್ಡಿ ಪಾಪ ಅಂತ ನಾನು ಹೇಳಲ್ಲ. 1545ರ ಸುಮಾರಿಗೆ ಪ್ರಾಟೆಸ್ಟೆಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಈ ಬಗ್ಗೆ ಒಂದು ಕಾಗದ ಬರೆದಿದ್ದಾನೆ. ಬಡ್ಡಿಯೆಲ್ಲ ಪಾಪ ಅಂತ ಅವನು ಒಪ್ಪಲಿಲ್ಲ. ಆದರೆ ಬಡವನಿಂದ, ಕಷ್ಟಕ್ಕೆ ಸಿಕ್ಕವನಿಂದ ಬಡ್ಡಿ ಬೇಡ ಅಂದ. ನನಗೂ ಆ ಗೆರೆ ಸರಿ ಅನ್ನಿಸುತ್ತೆ. ಲಾರಿ ಕೊಳ್ಳೋಕೆ ಸಾಲ ಕೊಡೋದು ಬೇರೆ, ಲಾರಿ ಓಡಿದರೆ ಇಬ್ಬರಿಗೂ ಲಾಭ. ಪಾರ್ಶ್ವವಾಯು ಹೊಡೆದ ಗಂಡನ ಔಷಧಿಗೆ ಸಾಲ ಕೊಡೋದು ಬೇರೆ. ಆ ಔಷಧಿಯಿಂದ ಯಾವ ಲಾಭ ಬರುತ್ತೆ, ಅದರಲ್ಲಿ ನಮಗೆ ಪಾಲು ಬೇಕಾ? ನಮ್ಮ ಮಂಡಿಯ ಅಡ್ವಾನ್ಸ್ ಈ ಗೆರೆಯ ಯಾವ ಕಡೆ ಬರುತ್ತೆ ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಬಡ್ಡಿ ಹಾಕಲ್ಲ, ಆದರೆ ಮಾಲು ನಮಗೇ ತರಬೇಕು ಅನ್ನುತ್ತೇವೆ. ಸಾವಿರದಿನ್ನೂರು ಅಡಿ ಕೊರೆಸಿ ನೀರು ಬರದ ರೈತನ ಮುಖ ನೋಡಿದಾಗ ಒಂದು ತರಹ, ಬೆಲೆ ಬಂದಾಗ ಮಾಲನ್ನು ಪಕ್ಕದ ಮಂಡಿಗೆ ಹಾಕಿದ ರೈತನನ್ನು ನೋಡಿದಾಗ ಇನ್ನೊಂದು ತರಹ ಅನ್ನಿಸುತ್ತೆ.

ಮೂರನೆಯವರು ಹೇಳಿದ್ದು: ಸಾಲ ಮಾಡಿದವರು ತೀರಿಸಲ್ಲ ಕಣಪ್ಪ, ಬಡ್ಡಿ ಇಲ್ಲ ಅಂದರೆ ತಲೆ ಮೇಲೇ ಕೂರ್ತಾರೆ. ಅದೂ ಸುಳ್ಳಲ್ಲ. ಸಾಲ ತೊಗೊಂಡು ತೀರಿಸದವನು ದುಷ್ಟ ಅಂತ 37ನೇ ಕೀರ್ತನೆ ಹೇಳುತ್ತೆ. ಪ್ರೀತಿಯ ಸಾಲ ಬಿಟ್ಟು ಯಾರಿಗೂ ಯಾವ ಸಾಲವೂ ಇರಬಾರದು ಅಂತ ಪೌಲ ರೋಮಾದವರಿಗೆ ಬರೆಯುತ್ತಾನೆ. ಪ್ರವಾದಿಯೊಬ್ಬನ ವಿಧವೆ ಪ್ರವಾದಿ ಎಲೀಷನ ಹತ್ತಿರ ಬಂದು, ಸಾಲ ಕೊಟ್ಟವನು ನನ್ನ ಇಬ್ಬರು ಮಕ್ಕಳನ್ನು ಹಿಡಿದುಕೊಂಡು ಹೋಗುತ್ತಾನೆ ಅಂತ ಅತ್ತಾಗ, ಅವಳ ಪಾತ್ರೆಗಳಲ್ಲಿ ಅದ್ಭುತವಾಗಿ ಎಣ್ಣೆ ತುಂಬಿದ ಮೇಲೆ ಎಲೀಷ ಮೊದಲು ಹೇಳಿದ್ದು, ಮಾರಿ ಸಾಲ ತೀರಿಸು ಅಂತ. ಉಳಿದದ್ದರಲ್ಲಿ ಬದುಕಿಕೋ ಅಂದ.

ಸಾಲ ಮಾಡುವವರಿಗೂ ಒಂದು ಮಾತು ಇದೆ, ಆದರೆ ಅದನ್ನೂ ಸಭೆಯ ಕಡೆಗೇ ತಿರುಗಿಸುತ್ತೇನೆ. ನಮ್ಮಲ್ಲಿ ಮದುವೆಗೆ ಎಷ್ಟು ಖರ್ಚಾಗುತ್ತೆ ನೋಡಿ. ಹಾಲ್ ಬಾಡಿಗೆ, ಸ್ಟೇಜ್ ಹೂವು, ಸೂಟು, ಗೌನು, ಎರಡು ತರಹ ಬಿರಿಯಾನಿ, ಡ್ರೋನ್ ಕ್ಯಾಮೆರಾ. ವರದಕ್ಷಿಣೆ ಇಲ್ಲ ಅನ್ನುತ್ತೇವೆ, ಚಿನ್ನ ಮಾತ್ರ ಅವರ ಖುಷಿ ಅನ್ನುತ್ತೇವೆ. ಅಯ್ಯನವರು ಬಂದು ಆಶೀರ್ವಾದ ಮಾಡಿ ಊಟ ಮಾಡಿ ಹೋಗುತ್ತಾರೆ. ಒಂದು ವರ್ಷ ಆದಮೇಲೆ ಅದೇ ಹುಡುಗಿಯ ಅಪ್ಪ ಮೀಟರ್ ಬಡ್ಡಿಯವರಿಂದ ತಲೆ ತಪ್ಪಿಸಿಕೊಂಡು ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಓಡಾಡುತ್ತಿರುತ್ತಾನೆ. ಭಾನುವಾರವೂ ಕಾಣಲ್ಲ. ಬ್ರದರ್ ವಿಶ್ವಾಸದಲ್ಲಿ ಹಿಂದೆ ಬಿದ್ದಿದ್ದಾರೆ, ಪ್ರಾರ್ಥನೆ ಮಾಡಿ ಅನ್ನುತ್ತೇವೆ.

ಹಾಗಂತ ಬೇರೆಯವರು ಯಾರೂ ಮಾತಾಡಿಲ್ಲ ಅಂತಲ್ಲ. 2009ರಲ್ಲಿ ರೇಷ್ಮೆ ಕೆಲಸ ಕುಸಿದು, ಕೋಲಾರದ ಮುಸ್ಲಿಂ ಹೆಣ್ಣುಮಕ್ಕಳು ಸಂಘದ ಕಂತು ಕಟ್ಟಲಾಗದೆ ಒದ್ದಾಡಿದಾಗ ಇಲ್ಲಿನ ಅಂಜುಮನ್ ಕಮಿಟಿ, ಕಂತು ಕಟ್ಟಬೇಡಿ ಅಂದುಬಿಟ್ಟಿತ್ತು. ಅದು ದೇಶದ ಪೇಪರ್‌ಗಳಲ್ಲೆಲ್ಲ ಸುದ್ದಿಯಾಯಿತು. ಒಟ್ಟಾಗಿ ಕಟ್ಟಬೇಡಿ ಅನ್ನೋದು ಸರಿಯಾದ ದಾರಿ ಅಂತ ನಾನು ಒಪ್ಪಲ್ಲ. ಆದರೆ ತಮ್ಮ ಹೆಣ್ಣುಮಕ್ಕಳ ಕಂತಿನ ಪುಸ್ತಕ ತೆರೆದು ನೋಡಿದ್ದರಲ್ಲ, ಅಷ್ಟಾದರೂ ಮಾಡಿದರು. ಸರ್ಕಾರವೂ ಸುಮ್ಮನೆ ಕೂತಿಲ್ಲ. ಪರವಾನಗಿ ಇಲ್ಲದೆ ಲೇವಾದೇವಿ ಮಾಡಬಾರದು ಅಂತ 1961ರ ಕಾಯ್ದೆ ಇದೆ. ಮಿತಿಮೀರಿದ ಬಡ್ಡಿಗೆ 2004ರ ಕಾಯ್ದೆ ಇದೆ. 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನಮ್ಮ ಸಭೆಗಳ ಬಡ್ಡಿ ವ್ಯವಹಾರಕ್ಕೆ ಯಾವ ಪರವಾನಗಿಯೂ ಇಲ್ಲ, ನನ್ನದಕ್ಕೂ ಇರಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ತೆಗೆದು ಅಧಿಕಾರಿಗಳಿಗೆ ಅಧೀನರಾಗಿರಿ ಅಂತ ಚುನಾವಣೆ ಟೈಮಲ್ಲಿ ಹೇಳುವವರು ಇದಕ್ಕೂ ಅದೇ ವಾಕ್ಯ ತೆಗೆಯಬಹುದಲ್ವಾ?

ನಾವು ಯಾರು ಅನ್ನೋದನ್ನೂ ಮರೆತಿದ್ದೇವೆ ಅನ್ನಿಸುತ್ತೆ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ತಂದೆ ತಾಯಿ ಸತ್ತ ಮಕ್ಕಳನ್ನು ಕೋಲಾರದಲ್ಲಿ ಮಿಸ್ ಆನ್‌ಸ್ಟಿ ಅನ್ನುವ ಮಿಷನರಿ ಒಟ್ಟುಮಾಡಿ ಸಾಕಿದರು. ನಮ್ಮ ಮುತ್ತಜ್ಜಿ ಆ ಮಕ್ಕಳಲ್ಲಿ ಒಬ್ಬಳು ಅಂತ ಅಜ್ಜಿ ಹೇಳುತ್ತಿದ್ದಳು. ಅವಳ ಊಟದ ಲೆಕ್ಕವನ್ನು ಯಾರಾದರೂ ಮೂರು ರೂಪಾಯಿ ಬಡ್ಡಿಯಲ್ಲಿ ಬರೆದಿಟ್ಟಿದ್ದರೆ ನಮ್ಮ ಮೊಮ್ಮಕ್ಕಳೂ ಇನ್ನೂ ತೀರಿಸುತ್ತಿರುತ್ತಿದ್ದರು.

ನನ್ನ ಕೋರಿಕೆ ಇಷ್ಟು. ಪ್ರತಿ ಸಭೆಯ ಸುಗ್ಗಿ ಹಬ್ಬದ ದುಡ್ಡು ಬ್ಯಾಂಕಿನಲ್ಲಿ ಕೂತಿರುತ್ತೆ. ಕೆಲವು ಕಡೆ ಕಟ್ಟಡ ನಿಧಿಯೂ ಎಫ್‌ಡಿಯಲ್ಲಿ ಕೂತಿದೆ. ಅದರಲ್ಲಿ ಒಂದು ಪಾಲು ತೆಗೆದು ಕೈಸಾಲಕ್ಕೆ ಇಡಿ. ಆಸ್ಪತ್ರೆ, ಸ್ಕೂಲ್ ಫೀಸ್, ಮನೆಯಲ್ಲಿ ಸಾವು, ಇಷ್ಟಕ್ಕೆ ಮಾತ್ರ. ಮದುವೆಗೆ ಬೇಡ. ಬಡ್ಡಿ ಇಲ್ಲ, ಕಂತಿನಲ್ಲಿ ಅಸಲು ವಾಪಸ್. ಲೆಕ್ಕ ನಾನು ಬರೆಯುತ್ತೇನೆ, ಸಂಬಳ ಬೇಡ. ಬೆಳೆಸಾಲವನ್ನು ಸರ್ಕಾರವೇ ಸೊಸೈಟಿಯಲ್ಲಿ ಮಿತಿಯೊಳಗೆ ಸೊನ್ನೆ ಬಡ್ಡಿಗೆ ಕೊಡುತ್ತಿರುವಾಗ ದೇವರ ಮನೆಯಲ್ಲಿ ಇಷ್ಟು ಆಗಲ್ಲ ಅನ್ನಬೇಡಿ. ಮುಳುಗುತ್ತೆ ಅನ್ನುವವರಿಗೆ: ಸ್ವಲ್ಪ ಮುಳುಗುತ್ತೆ. ಓನೇಸಿಮ ಅನ್ನುವ ಆಳಿನ ಸಾಲಕ್ಕೆ ಪೌಲ ಅವನ ಧಣಿ ಫಿಲೆಮೋನನಿಗೆ ಏನು ಬರೆದ? ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ, ಇದು ನನ್ನ ಸ್ವಂತ ಕೈಬರಹ ಅಂತ. ಒಂದು ರೀತಿಯಲ್ಲಿ ಅದೂ ಪ್ರೋನೋಟೇ. ಪೌಲನೇ ಜಾಮೀನು ನಿಂತಿದ್ದಾನೆ, ಕಮಿಟಿ ನಿಲ್ಲಬಾರದಾ?

ಇನ್ನೊಂದು ಕೋರಿಕೆ ಸ್ವಲ್ಪ ಖಾರ. ಮುಂದಿನ ಕಮಿಟಿ ಚುನಾವಣೆಯಲ್ಲಿ ನಿಲ್ಲುವವರು, ಸಭೆಯ ಯಾರಿಗೂ ನಾನು ಬಡ್ಡಿಗೆ ದುಡ್ಡು ಕೊಟ್ಟಿಲ್ಲ ಅಂತ ಒಂದು ಸಾಲು ಬರೆದುಕೊಡಲಿ. ನೈಸೀಯದ 17ನೇ ನಿಯಮ ಸೇವಕರಿಗೆ ಮಾತ್ರ ಅಂತ ವಾದ ಮಾಡಬೇಡಿ. ಯಾರನ್ನೂ ಬೀದಿಗೆ ಎಳೆಯುವ ಆಸೆ ನನಗಿಲ್ಲ, ಅದಕ್ಕೇ ಯಾರ ಹೆಸರೂ ಬರೆದಿಲ್ಲ. ಆ ಅಣ್ಣ ಇದನ್ನು ಓದಿದರೆ ನನ್ನ ಮನೆಗೆ ಬರಲಿ, ಕೂತು ಮಾತಾಡೋಣ. ಅವರಿಗೂ ನನಗೂ ಇರುವ ವ್ಯತ್ಯಾಸ ಎರಡು ರೂಪಾಯಿ ಅಷ್ಟೇ. ಗದರಿಸುವಾಗ ನೆಹೆಮೀಯನೂ, ನಾನು, ನನ್ನ ಅಣ್ಣತಮ್ಮಂದಿರು, ನನ್ನ ಆಳುಗಳು ಕೂಡ ಇವರಿಗೆ ಹಣ, ಧಾನ್ಯ ಸಾಲ ಕೊಟ್ಟಿದ್ದೇವೆ, ಈ ಬಡ್ಡಿ ಬಿಟ್ಟುಬಿಡೋಣ ಅಂದ. ತಾನೂ ಅದರಲ್ಲಿದ್ದೇನೆ ಅಂತ ಒಪ್ಪಿಕೊಂಡೇ ಮಾತಾಡಿದ.

ಹೋದ ಶನಿವಾರ ನಾನು ಪ್ರೋನೋಟು ತೊಗೊಂಡು ಆಂಟಿಯ ಮನೆಗೆ ಹೋದೆ. ಇದುವರೆಗೆ ಕೊಟ್ಟ 26,400 ಬಡ್ಡಿ ಅಲ್ಲ, ಅಸಲು ಅಂತ ಲೆಕ್ಕ ಹಾಕಿದ್ದೇನೆ, ಇನ್ನು ಬಾಕಿ 13,600, ಆದಾಗ ಕೊಡಿ ಅಂದೆ. ಬೈಬಲಿನ ಸುಂಕದವನು ಜಕ್ಕಾಯನ ಹಾಗೆ ತೊಗೊಂಡದ್ದರ ನಾಲ್ಕರಷ್ಟು ವಾಪಸ್ ಕೊಡುವ ಮನಸ್ಸಾಗಲಿ ಶಕ್ತಿಯಾಗಲಿ ನನಗೆ ಬರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಹಳೆ ಪ್ರೋನೋಟನ್ನು ಅವರ ಮುಂದೆ ಇಟ್ಟೆ. ಅಳುತ್ತಾರೆ, ಆಶೀರ್ವಾದ ಮಾಡುತ್ತಾರೆ ಅಂತ ಒಳಗೊಳಗೇ ಅಂದುಕೊಂಡಿದ್ದೆ. ಅವರು ಮುಟ್ಟಲೇ ಇಲ್ಲ. ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು.

"ಈಗ ಇನ್ನೊಂದಕ್ಕೆ ಸೈನ್ ಹಾಕ್ಬೇಕೇನಪ್ಪ?" ಅಂದರು.

ಇಲ್ಲ ಆಂಟಿ, ಹರಿದು ಹಾಕಿ ಅಂದೆ. ಮಗಳನ್ನು ಕರೆದು, ಎರಡು ಸಾರಿ ಓದಿಸಿ, ಆಮೇಲೆ ಹರಿದರು. ಚೂರುಗಳನ್ನೂ ಬಿಸಾಕಲಿಲ್ಲ, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಬೀರುವಿನಲ್ಲಿ ಇಟ್ಟರು.

ಈ ಸಾರಿ ಸುಗ್ಗಿ ಹಬ್ಬ ಮುಗಿದು ಖಜಾಂಚಿಯವರು ಲೆಕ್ಕ ಓದುವಾಗ ನಾನು ಎದ್ದು ನಿಂತು ಈ ಕೈಸಾಲದ ವಿಷಯ ಕೇಳುತ್ತೇನೆ. ಮೊದಲೇ ತಿಳಿಸಿರಲಿ ಅಂತ ಬರೆದಿದ್ದೇನೆ.

ಇಂತಿ,
ನಿಮ್ಮ ಸಭೆಯ ಒಬ್ಬ ಗುಮಾಸ್ತ,
ಕೋಲಾರ